ಕೇಳೂದು ಬಂದ್ ಮಾಡಿದ ಸಾವಕಾರ್ರು

ಈ ಪ್ರಸಂಗಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದವರು ನನ್ನ ಸೋದರಮಾವ. ಗದಗಿನ ಒಂದು ಹತ್ತಿ ಅಂಗಡಿಯಲ್ಲಿ ಅವರು ಹಿರಿಯ ಗುಮಾಸ್ತರು. ಮುಂದೆ ನಾನೂ ಡಂಬಳದಿಂದ ದಿನಾ ಬಸ್ಸು ಹಿಡಿದು ಅಲ್ಲಿಗೇ ತೂಕದ ಕೆಲಸಕ್ಕೆ ಹೋಗತೊಡಗಿದೆ. ಉಳಿದದ್ದನ್ನು ಕಣ್ಣಾರೆ ಕಂಡೆ. ಶಿವನ ದಯೆಯಿಂದ ಆ ಅಂಗಡಿಯಲ್ಲಿ ನಗುವುದಕ್ಕೆ ಎಂದೂ ಕೊರತೆಯಾಗಲಿಲ್ಲ. ಬಾಯಿಗೆ ಟವೆಲು ಅಡ್ಡ ಹಿಡಿಯಬೇಕಿತ್ತು, ಅಷ್ಟೇ.

೧. ಮೊದಲನೇ ಮಾತು

ನಮ್ಮ ಸಾವಕಾರರ ಮನಸ್ಸು ಮೆತ್ತಗೆ, ಬಾಯಿ ಖಾರ. ಅವರ ಮೊದಲನೇ ಮಾತನ್ನು ಯಾರೂ ನಡೆಸುತ್ತಿರಲಿಲ್ಲ; ಅದೇ ಅಂಗಡಿಯ ಪದ್ಧತಿ. ದಿನಾ ಮುಂಜಾನೆ ಸಿಪಾಯಿಗೆ, "ನಾಳಿಂದ ಕೆಲಸಕ್ಕ ಬರಬ್ಯಾಡಲೇ!" ಎನ್ನುವರು. ಮಾವ ಕನ್ನಡಕ ತೆಗೆದು ಸಾವಕಾಶ ಕೇಳುವರು: "ಖರೇನ್ರಿ ಸಾವಕಾರ್ರ?"

ಸಾವಕಾರರು, "ಈಗ ಚಾ ತರಲಿ. ಆಮ್ಯಾಲ ನೋಡೋಣು," ಎನ್ನುವರು.

ಹೀಗೆ ದಿನಾ ನೌಕರಿ ಕಳಕೊಳ್ಳುತ್ತಲೇ ಆ ಸಿಪಾಯಿ ಮುದುಕನಾದ.

೨. ಮಶೀನಿನ ಬಾಯಿ

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಂಗಡಿಗೆ ಕಂಪ್ಯೂಟರ್ ಬಂತು. ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದೆವು. ನಡೆಸುವವ ಲಕ್ಷ್ಮೇಶ್ವರದ ಅತ್ತರ ವ್ಯಾಪಾರಿಯ ಮಗ, ಹುಬ್ಬಳ್ಳಿಯಲ್ಲಿ ಕಲಿತವ. ಎಲ್ಲರೂ ಅವನನ್ನು ಆಪರೇಟರ್ ಎನ್ನುತ್ತಿದ್ದೆವು.

ಒಂದು ದಿನ ಸಾವಕಾರರು, ಹಳೆಯ ದರದ ಫೈಲು ಅಳಿಸು ಎಂದರು. ಆಪರೇಟರ್ ಗುಂಡಿ ಒತ್ತಿ ಪರದೆ ನೋಡುತ್ತ ಕುಳಿತ.

"ಯಾಕೋ ತಮ್ಮಾ?"

"ಖರೇನ ಅಳಸ್ಲೇನು ಅಂತ ಕೇಳಾಕತ್ತೈತ್ರಿ."

"ಯಾರು?"

"ಮಶೀನ್ರಿ."

"ಗುಮಾಸ್ತರು ಕೇಳಲಿ, ಹಿರ್ಯಾರು. ಇದು ಬಂದು ಇನ್ನ ತಿಂಗಳಾಗಿಲ್ಲ, ನನ್ನ ಕೇಳತೈತಿ? ಮುಚ್ಚು ಅದರ ಬಾಯಿ!"

ಕೇಳದಂತೆ ಮಾಡುವ ದಾರಿಯೂ ಅದರೊಳಗಿತ್ತು. ಆಪರೇಟರ್ ಮಾಡಿದ. "ಇನ್ನ ಒತ್ತಿದ್ರ ಹೋತ್ರಿ," ಎಂದ.

"ನೌಕರ ಅಂದ್ರ ಹಿಂಗಿರಬೇಕು!" ಎಂದ ಸಾವಕಾರರು ಮಶೀನಿಗೆ ಇನ್ನೊಂದು ಕಾಯಿ ಒಡೆಸಿದರು.

೩. ಖುರ್ಚಿ

ಮರುದಿನವೇ ಹುಕುಂ ಆಯಿತು. "ಮಶೀನ ನೋಡಿ ಕಲೀರಿ. ಇವತ್ತಿಂದ ಈ ಅಂಗಡ್ಯಾಗ ಯಾರೂ 'ಖರೇನ್ರಿ' ಅನ್ನಾಂಗಿಲ್ಲ!"

ಮಾವ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

ಅಂದೇ ಸಾವಕಾರರ ಖುರ್ಚಿ ಕಿರ್ ಎಂದಿತು. "ಇದನ್ನ ಕೆರ್ಯಾಗ ಒಗದ ಬಾ!" ಎಂದು ಸಿಪಾಯಿಗೆ ಹೇಳಿ ಊಟಕ್ಕೆ ಹೋದರು. ತಿರುಗಿ ಬಂದವರು ರೂಢಿಯಂತೆ ಹಿಂದೆ ನೋಡದೆ ಕುಳಿತರು. ನೆಲಕ್ಕೇ ಕುಳಿತರು. ಸಿಪಾಯಿ ಮೊಣಕಾಲತನಕ ತೊಯ್ದು ನಿಂತಿದ್ದ.

"ಲೇ, ಖರೇನ ಒಗದ್ಯಾ?"

"ಆ ಮಾತು ಬಂದ್ ಮಾಡೀರಲ್ರಿ ಸಾವಕಾರ್ರ."

೪. ಲಗ್ನಪತ್ರಿಕೆ

ಆ ಹೊತ್ತಿಗೆ ಸಾವಕಾರರ ಒಬ್ಬಳೇ ಮಗಳಿಗೆ ಶಿರಹಟ್ಟಿಯ ಸಂಬಂಧ ಗಟ್ಟಿಯಾಗಿತ್ತು. ಹುಡುಗಿ ತಾನೇ ಮೆಚ್ಚಿದ ವರ. ಲಗ್ನಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲೇ ಹೊಡೆಸಿ ಇಟ್ಟಿದ್ದರು. ಒಂದು ಮುಂಜಾನೆ ಶಿರಹಟ್ಟಿ ಬಸ್ಸಿನ ಕಂಡಕ್ಟರ್ ಬೀಗರ ಖಬರ ತಂದ: "ಪತ್ರಿಕ್ಯಾಗ ತಮ್ಮಜ್ಜನ ಹೆಸರು ಎಲ್ಲಾರಕಿಂತ ಮ್ಯಾಲಿರಲಿ ಅಂದಾರ್ರಿ."

"ನಮ್ಮಪ್ಪನ ಮ್ಯಾಲ ಅವರಜ್ಜನ? ಅಳಸು ಪತ್ರಿಕಿ! ಈ ಮದುವಿನ ಬ್ಯಾಡ! ಲೇ ಸಿಪಾಯಿ, ಹೋಗಿ ಹೇಳಿ ಬಾ!"

ಆಪರೇಟರ್ ಗುಂಡಿ ಒತ್ತಿದ, ಪತ್ರಿಕೆ ಹೋಯಿತು. ಸಿಪಾಯಿ ಕಂಡಕ್ಟರನ ಹಿಂದೆಯೇ ಬಸ್ಸು ಹತ್ತಿದ, ಬಸ್ಸೂ ಹೋಯಿತು.

ಸಾವಕಾರರು ಮಾವನ ಮುಖ ನೋಡಿದರು. ಮಾವ ಜಂತಿ ನೋಡಿದರು. ಸಾವಕಾರರು ನನ್ನ ಮುಖ ನೋಡಿದರು. ನಾನು ತಕ್ಕಡಿ ನೋಡಿದೆ.

"ಯಾರರ ಕೇಳ್ರಪಾ!" ಎಂದು ಚೀರಿದರು. "ನನ್ನ ಮಗಳ ಮದುವಿ ಮುರಿಯಾಕತ್ತೈತಿ!"

"ಏನಂತ ಕೇಳೋಣ್ರಿ?" ಎಂದರು ಮಾವ.

೫. ಹೋಳಿಗೆ

ಅಂಗಳದಲ್ಲಿ ಹತ್ತಿ ಅಂಡಿಗೆ ಹೇರಿದ ಲಾರಿ ನಿಂತಿತ್ತು. ಅಂಡಿಗೆಗಳ ಮೇಲೆ ಕುಳಿತು ಸಾವಕಾರರು, ಮಾವ, ನಾನು ಹೊರಟೆವು. ದಾರಿಯಲ್ಲಿ ಒಮ್ಮೆ ಕೆಟ್ಟು ನಿಂತ ಲಾರಿ ನಮ್ಮನ್ನು ಶಿರಹಟ್ಟಿಗೆ ಮುಟ್ಟಿಸಿದ್ದು ಮಧ್ಯಾಹ್ನಕ್ಕೆ. ಬೀಗರ ಕಟ್ಟೆಯ ಮೇಲೆ ಸಿಪಾಯಿ ಚಹಾ ಕುಡಿಯುತ್ತಿದ್ದ.

"ಹೇಳಿದ್ಯಾ?"

"ಬಂದ ಕೂಡ್ಲೇ ಹೇಳೀನ್ರಿ."

ಅಷ್ಟರಲ್ಲಿ ಬೀಗರು ತಂಬಿಗೆ ಹಿಡಿದು ಹೊರಗೆ ಬಂದರು. "ಕಾಲು ತೊಳಕೋರಿ ಬೀಗರ. 'ಮುಂಜಾನಿ ಹೇಳ್ಯಾರೋ, ಉಂಡ ಮ್ಯಾಲ ಹೇಳ್ಯಾರೋ' ಅಂತ ಇವನ್ನ ಕೇಳಿದೆ. ಮುಂಜಾನಿ ಅಂದ. ಹಂಗಾರ ಸಿಟ್ಟಿಳದು ಊಟದ ಹೊತ್ತಿಗೆ ಬರ್ತಾರ ಅಂತ ಹೋಳಿಗಿ ಮಾಡಿಸೀನಿ. ನಿಮ್ಮಪ್ಪಾರು, ನಮ್ಮಜ್ಜಾರು ಒಂದ ಸಾಲಿನ್ಯಾಗ ಇರಲಿ, ಆತಿಲ್ಲೋ?"

ಸಾವಕಾರರಿಗೆ ಹೋದ ಜೀವ ಬಂತು, ಜೊತೆಗೆ ಹಸಿವೂ ಬಂತು. ಒಂದು ಹೋಳಿಗೆ ಮುಗಿಯಿತು. ಬೀಗತಿ ಎರಡನೆಯದನ್ನು ತಂದರು. ಮರ್ಯಾದೆಗೆ ಸಾವಕಾರರು ತಾಟಿಗೆ ಕೈ ಅಡ್ಡ ಹಿಡಿದು, "ಬ್ಯಾಡ್ರಿ, ಸಾಕು," ಎಂದರು. ಬೆರಳುಗಳನ್ನು ಮಾತ್ರ ಅಗಲಿಸಿಯೇ ಇಟ್ಟಿದ್ದರು.

ಸಿಪಾಯಿ ಗಡಬಡಿಸಿ ಎದ್ದ. "ಅವ್ವಾರ, ಎರಡನೇ ಸಲ ಕೇಳಬ್ಯಾಡ್ರಿ! ನಮ್ಮ ಸಾವಕಾರ್ರಿಗೆ ಅದು ಸೇರಂಗಿಲ್ಲ!"

ಬೀಗತಿ ಪಾಪ, ಹೋಳಿಗೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಹಿಂದೆಯೇ ತುಪ್ಪವೂ ಹೋಯಿತು.

ಸಾವಕಾರರು ಆ ಬಾಗಿಲನ್ನೇ ನೋಡುತ್ತ ಸಣ್ಣ ದನಿಯಲ್ಲಿ ಅಂದರು: "ಗುಮಾಸ್ತರ, ನಾಳಿಂದ ಎಲ್ಲಾರೂ ಕೇಳ್ರಿ. ಮಶೀನೂ ಕೇಳಲಿ. ಮದ್ಲ ಒಳಗ ಹೋಗಿ ಆ ಅವ್ವಾರಿಗೆ ಇನ್ನೊಮ್ಮೆ ಕೇಳಾಕ ಹೇಳ್ರಿ."

ಇದನ್ನು ನೀವೂ ನಾಲ್ಕು ಮಂದಿಗೆ ಹೇಳಿರಿ. ಪಂಕ್ತಿಗೆ ಕುಳಿತಾಗ, ಬಡಿಸುವವರ ಕಿವಿಗೆ ಬೀಳುವಂತೆ ಹೇಳಿದರೆ ಇನ್ನೂ ಚಲೋ.