ಬೆಟ್ಟದ ದುರ್ಬೀನು, ಮನೆಯ ಗಡಿಯಾರ

ವಿಜ್ಞಾನ ಕಲಿಸಿದ ಮಾಸ್ತರನ ಬಾಯಲ್ಲಿ ಎಂದೂ ಬಾರದ ಮಾತೊಂದಿದೆ: ‘ನನಗೆ ಗೊತ್ತಿಲ್ಲ.’ ನಿವೃತ್ತಿಯಾದರೂ ಈ ರೋಗ ವಾಸಿಯಾಗುವುದಿಲ್ಲ. ನಾನು ನಿವೃತ್ತನಾದ ವಾರವೇ ಹುಬ್ಬಳ್ಳಿಯ ಉಣಕಲ್ಲಿನ ನಮ್ಮ ಮನೆಯ ಗೋಡೆ ಗಡಿಯಾರ ನಿಂತಿತು. ತೂಕದ ಗುಂಡು, ಸರಪಳಿ ಜೋತುಬಿದ್ದ ಹಳೆಯ ಗಡಿಯಾರ. ಗಡಿಯಾರ ದುರಸ್ತಿ ಮಾಡುತ್ತಿದ್ದ ಮಾವನವರು ಮದುವೆಯಲ್ಲಿ ಕೊಟ್ಟದ್ದು. ಅವರ ಮಗಳು, ಅಂದರೆ ನನ್ನ ಹೆಂಡತಿ ಸುಗುಣಾ, ಸ್ಟೂಲು ತಂದಾಗ ನಾನೇ ತಡೆದೆ. “ನೀ ಮುಟ್ಟಬ್ಯಾಡ. ಅದು ಸೈನ್ಸ್. ನಾ ನೋಡ್ತೇನಿ.” ಅಂದಿನಿಂದ ವರ್ಷವಿಡೀ ನೋಡುತ್ತಲೇ ಇದ್ದೆ.

ಇಂಥ ನಾನು ಚರ್ಚಿನವರ ಪ್ರವಾಸದಲ್ಲಿ, ಸುಗುಣಾಳ ಜೊತೆ, ತಮಿಳುನಾಡಿನ ಬೆಟ್ಟವೊಂದರ ಮೇಲಿನ ಹಳೆಯ ಖಗೋಳ ವೀಕ್ಷಣಾಲಯಕ್ಕೆ ಹೋದೆ. ಹುಬ್ಬಳ್ಳಿ ಬಿಟ್ಟಾಗಿನಿಂದ ಗ್ರಹ, ನಕ್ಷತ್ರ ಎಂದು ಬಸ್ಸಿನವರೆಲ್ಲರ ತಲೆ ತಿಂದಿದ್ದೆ. ಹಗಲು ಹೊತ್ತು ನಕ್ಷತ್ರ ಕಾಣುವುದಿಲ್ಲವೆಂಬ ಸಣ್ಣ ಸಂಗತಿ ಮಾತ್ರ ಬೆಟ್ಟ ಹತ್ತಿದ ಮೇಲೆ ನೆನಪಾಯಿತು. ಗುಮ್ಮಟದೊಳಗೆ ಹಿತ್ತಾಳೆಯ ಭಾರೀ ದುರ್ಬೀನು. ನಮ್ಮ ಬಸ್ಸಿನಲ್ಲೇ ಬಂದಿದ್ದ ಸತ್ತೂರಿನ ನರ್ಸಬಾಯಿಯೊಬ್ಬರು ಕೇಳಿಯೇಬಿಟ್ಟರು: “ಮಾಸ್ತರ್ರ, ಕರೆಂಟ್ ಇಲ್ಲದ ಕಾಲಕ್ಕ, ಚುಕ್ಕಿ ಸರದಂಗ ಇಷ್ಟ ದೊಡ್ಡ ದುರ್ಬೀನು ಹೆಂಗ ಸರೀತಿತ್ರಿ?”

ಎಲ್ಲರೂ ನನ್ನ ಬಾಯಿ ನೋಡಿದರು. ಅಷ್ಟು ವರ್ಷದ ಮಾಸ್ತರಿಕೆಯ ಮರ್ಯಾದೆಯ ಪ್ರಶ್ನೆ. ಕೆಮ್ಮಿದೆ, ತಪ್ಪನ್ನು ಚಳಿಯ ಮೇಲೆ ಹಾಕಿದೆ. ಅಷ್ಟರಲ್ಲಿ ಸುಗುಣಾ ಸ್ವೆಟರ್ ಬಿಚ್ಚಿ ನನ್ನ ಕೈಗಿತ್ತು, ದುರ್ಬೀನಿನ ಕಂಬದ ಹಿಂದೆ ಬಗ್ಗಿ ನೋಡಿದಳು.

“ಇಲ್ನೋಡ್ರಿ, ತೂಕದ ಗುಂಡು. ಇದು ಸಾವಕಾಶ ಕೆಳಗ ಇಳದ್ರ ಹಲ್ಲಿನ ಗಾಲಿ ತಿರುಗ್ತಾವ, ಗಾಲಿ ದುರ್ಬೀನ್ ತಿರುಗಸ್ತಾವ. ಗುಂಡು ದಡಬಡ ಇಳೀಬಾರ್ದಂತ ಇಲ್ಲೊಂದು ತಡೆ ಐತಿ. ನಮ್ಮಪ್ಪನ ಅಂಗಡ್ಯಾಗ ಇಂಥವು ಸಣ್ಣವು ಎಷ್ಟ ಬಿಚ್ಚೇನಿ!”

ಅವಳ ಬೆರಳು ಹೋದಲ್ಲೆಲ್ಲ ಅಲ್ಲಿನ ಗೈಡು ಹೌದೆಂದು ತಲೆಯಾಡಿಸಿದ. ನಮ್ಮವರು ಚಪ್ಪಾಳೆ ತಟ್ಟಿದರು. ಖರೇ ಹೇಳುತ್ತೇನೆ, ಹೊಟ್ಟೆಕಿಚ್ಚಾಗಲಿಲ್ಲ, ಎದೆಯುಬ್ಬಿತು. ಪಕ್ಕದಲ್ಲಿದ್ದ ತಮಿಳರೊಬ್ಬರನ್ನು ಹಿಡಿದು “ನಮ್ಮಾಕಿರೀ!” ಎಂದೆ. ಭಾಷೆ ಬಾರದಿದ್ದರೂ ಅವರಿಗೆ ತಿಳಿಯಿತು, ನನ್ನ ಕೈ ಕುಲುಕಿದರು.

ಊರಿಗೆ ಬಂದ ಮರುದಿನ ನಾನೇ ಸ್ಟೂಲು ತಂದಿಟ್ಟೆ. “ಗಡಿಯಾರ ಯಾಕ ನಿಂತೈತಿ ನನಗ ಗೊತ್ತಿಲ್ಲ” ಎಂದೆ. ಬಾಯಿಂದ ಆ ಮಾತು ಹೊರಬಿದ್ದರೂ ಸೂರು ಕಳಚಿ ಬೀಳಲಿಲ್ಲ. ಸುಗುಣಾ ಸ್ಟೂಲು ಹತ್ತಿದಳು. ಸರಪಳಿ ಪಕ್ಕದ ಮೊಳೆಗೆ ಸಿಕ್ಕಿಕೊಂಡಿತ್ತು. ಆ ಮೊಳೆ ಹೊಡೆದವನು ನಾನು, ಬೀಳ್ಕೊಡುಗೆಯ ದಿನ ಕೊಟ್ಟ ‘ಆದರ್ಶ ವಿಜ್ಞಾನ ಶಿಕ್ಷಕ’ ಎಂಬ ಫಲಕ ತೂಗುಹಾಕಲು.

ಗಡಿಯಾರ ಈಗ ಛಲೋ ನಡೆಯುತ್ತಿದೆ. ಫಲಕ ಕಪಾಟಿನೊಳಗಿದೆ.