ಲಗ್ನಪತ್ರಿಕೆ ಅಂಗಡಿಯಲ್ಲಿ ಕಂಪ್ಯೂಟರ್ ಭಾಷೆ

ಕೈ ಒಂದು ಕೆಲಸಕ್ಕೆ ಪಳಗಿಬಿಟ್ಟರೆ, ಬೇರೆ ಕೆಲಸ ಕೊಟ್ಟರೂ ಹಳೇ ದಾರಿಯನ್ನೇ ಹಿಡಿಯುತ್ತದೆ. ಗುಬ್ಬಿಯ ನಮ್ಮ ಲಗ್ನಪತ್ರಿಕೆ ಅಂಗಡಿಯಲ್ಲಿ ಹೀಗೆ ಆಗುತ್ತಲೇ ಇತ್ತು. ನಾನು ಪಕ್ಕದ ಕಡಬದಿಂದ ಬಸ್ಸಿನಲ್ಲಿ ಬಂದು ಅಲ್ಲಿ ಡಿಟಿಪಿ ಮಾಡುತ್ತಿದ್ದೆ. ಯಜಮಾನರಿಗೆ ವಯಸ್ಸಾಗಿ ಈಗ ಅಂಗಡಿ ಇಲ್ಲ. ನೆನೆದರೆ ನಗು ಬರುತ್ತದೆ, ಅದರ ಹಿಂದೆಯೇ ಸಂಕಟವೂ ಆಗುತ್ತದೆ.

ಜನ ಆಮಂತ್ರಣವನ್ನೆಲ್ಲ ಮೊಬೈಲಿನಲ್ಲೇ ಕಳಿಸತೊಡಗಿದ ಮೇಲೆ ನಾವು ಬಾಗಿಲು ಹಾಕುವ ಹಾಗಾಯಿತು. ಆಗ ತುಮಕೂರಿನ ಸದಾಶಿವನಗರದ ಇಂಜಿನಿಯರ್ ಮೇಡಂ ಒಬ್ಬರು ಕೆಲಸ ತಂದರು. ಒಂದು ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿ ಕನ್ನಡಕ್ಕೆ ಬಂದಿತ್ತು. ತಲೆಬರಹ, ಸಾಲು, ಅಂತರ ಎಲ್ಲ ನಾವು ಒಪ್ಪ ಮಾಡಬೇಕು. ಮೂರು ಅಧ್ಯಾಯ ಸರಿಬಂದರೆ ಇಡೀ ಪುಸ್ತಕ ನಮಗೆ, ಅಂಗಡಿಯೂ ಉಳಿದ ಹಾಗೆ.

ನಡುವೆ ಇರಲಿ

ಮೊದಲನೇ ಅಧ್ಯಾಯದಲ್ಲಿ ಯಜಮಾನರು ಪ್ರೋಗ್ರಾಮಿನ ಸಾಲುಗಳನ್ನು ವಧೂವರರ ಹೆಸರಿನ ಹಾಗೆ ಪುಟದ ನಡುವೆ ಕೂರಿಸಿದರು. ಸುತ್ತ ಹೂಬಳ್ಳಿಯ ಅಂಚು ಬೇರೆ. ಮೇಡಂ ಫೋನ್ ಮಾಡಿದರು.

"ಸರ್, ಈ ಭಾಷೇಲಿ ಸಾಲಿನ ಶುರುನಲ್ಲಿ ಬಿಡೋ ಜಾಗಕ್ಕೂ ಅರ್ಥ ಇದೆ. ಸಾಲು ಆಚೀಚೆ ಆದ್ರೆ ಪ್ರೋಗ್ರಾಮೇ ನಿಂತೋಗುತ್ತೆ."

"ಗೊತ್ತು ಬಿಡಿ ಮೇಡಮ್ಮೋರೆ. ನಮ್ಮಲ್ಲೂ ದೊಡ್ಡಪ್ಪನ ಹೆಸ್ರು ಒಂದು ಸಾಲು ಕೆಳಗೋಗಿ ಮದ್ವೆನೇ ನಿಂತೋಗಿತ್ತು."

ಎಕ್ಸ್ ಯಾರ ಮಗ?

ನಮ್ಮ ಲಗ್ನಪತ್ರಿಕೆಗಳ ಕರಡು ತಿದ್ದುತ್ತಿದ್ದವರು ಕುಣಿಗಲ್ಲಿನ ಒಬ್ಬ ನಿವೃತ್ತ ಮೇಷ್ಟ್ರು. ಎರಡನೇ ಅಧ್ಯಾಯವೂ ರೂಢಿಯಂತೆ ಅವರಿಗೇ ಹೋಯಿತು. ಕೆಂಪು ಇಂಕಿನಲ್ಲಿ ಬರೆದು ಕಳಿಸಿದರು: "ಎಕ್ಸ್ ಎಂಬವರು ಯಾರು? ತಂದೆಯ ಹೆಸರಿಲ್ಲ, ಊರಿಲ್ಲ. ವೈ ಜೊತೆ ಪದೇಪದೇ ಕಾಣಿಸಿಕೊಳ್ಳುತ್ತಾರೆ. ಸಂಬಂಧ ತಿಳಿಸಿಲ್ಲ."

ನಾನು ನಕ್ಕೆ. ಯಜಮಾನರು ನಗಲಿಲ್ಲ. ಆ ಪ್ರಶ್ನೆಗಳ ಸಮೇತವೇ ಪುಟಗಳನ್ನು ಮೇಡಂಗೆ ಕಳಿಸಿ ನನಗೆ ಹೇಳಿದರು.

"ಮೇಷ್ಟ್ರು ಹೇಳೋದ್ರಲ್ಲೂ ನ್ಯಾಯ ಐತೆ. ನಾಳೆ ಬೀಗ್ರು ಕೇಳಿದ್ರೆ ಏನಂತ ಹೇಳ್ತೀಯಮ್ಮ?"

ಹಿರಿಯರು

"ಮೂರನೇದೂ ಹಿಂಗೇ ಬಂದ್ರೆ ಬೇರೆಯವ್ರಿಗೆ ಕೊಡ್ತೀನಿ ಸರ್," ಎಂದುಬಿಟ್ಟರು ಮೇಡಂ. ಯಜಮಾನರಿಗೆ ಊಟ ಸೇರಲಿಲ್ಲ. ನನ್ನನ್ನೂ ನಂಬದೆ ಮೂರನೇ ಅಧ್ಯಾಯಕ್ಕೆ ತಾವೇ ಕೂತರು.

ಅದರ ಕೊನೆಯಲ್ಲಿ, ಪ್ರೋಗ್ರಾಮಿನಲ್ಲಿ ಇನ್ನು ಮುಂದೆ ಬಳಸಬಾರದ ಹಳೇ ಆದೇಶಗಳ ಪಟ್ಟಿಯಿತ್ತು. ತೀರಿಕೊಂಡ ಹಿರಿಯರನ್ನು ಕೊನೆಗೆ ಹಾಕುವ ಪದ್ಧತಿ ಯಾವ ಲಗ್ನಪತ್ರಿಕೆಯಲ್ಲಿದೆ? ಯಜಮಾನರು ಪಟ್ಟಿಯನ್ನು ಭಕ್ತಿಯಿಂದ ಮೇಲಕ್ಕೆ ತಂದು, ಒಂದೊಂದು ಹೆಸರಿನ ಮೊದಲೂ 'ದಿವಂಗತ' ಎಂದು ಸೇರಿಸಿದರು. ನಾನು ನೋಡುವಷ್ಟರಲ್ಲಿ ಪುಟ ತುಮಕೂರು ಸೇರಿತ್ತು. ಅನ್ನ ಹಾಕಿದ ಅಂಗಡಿ ಹೋಯಿತಲ್ಲ ಎಂದು ನನಗೆ ಅಳುವೇ ಬಂತು.

ಮೇಡಂ ಫೋನ್ ಬಂತು. ಆ ಕಡೆಯಿಂದ ತಡೆಯಲಾರದ ನಗು.

"ಸಾಲು, ಅಂತರ ಎಲ್ಲ ಅಚ್ಚುಕಟ್ಟಾಗಿದೆ ಸರ್. ಪುಸ್ತಕ ಪೂರ್ತಿ ನೀವೇ ಮಾಡಿ. ಆದ್ರೆ ಪಟ್ಟಿ ಕೊನೆಗೇ ಹಾಕಿ, ಆ ದಿವಂಗತ ತೆಗೀರಿ. ಅವು ಸತ್ತಿಲ್ಲ, ಇನ್ನೂ ಓಡ್ತವೆ. ಹೊಸಬ್ರು ಬಳಸದೆ ಇರ್ಲಿ ಅಂತ ಅಷ್ಟೇ."

ಯಜಮಾನರು ನಾಲಿಗೆ ಕಚ್ಚಿಕೊಂಡು ಕೆನ್ನೆಕೆನ್ನೆ ಬಡಿದುಕೊಂಡರು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಕೆಲ್ಸಕ್ಕೆ ಕರೀಬಾರ್ದಂತೆ, ಆದ್ರೆ ಜೀವ ಐತಂತೆ. ಹಂಗಾದ್ರೆ 'ಸುಖಾಗಮನ ಬಯಸುವವರು' ಅಂತ ಕೆಳಗೆ ಹಾಕ್ಬಿಡಮ್ಮ."