ಬಾಯಲ್ಲಿ ಕಟ್ಟಿದ ಎರಡು ಟಗರು

ನಮ್ಮತ್ತೆಯ ಬಾಯಲ್ಲಿ ಎರಡು ಟಗರುಗಳಿದ್ದವು ಎಂದರೆ ನೀವು ನಗುತ್ತೀರಿ. ನಗಿ, ಬೇಡ ಎಂದವರಾರು! ಆದರೆ ಚಳ್ಳಕೆರೆಯ ಹಲ್ಲಿನ ಡಾಕ್ಟರಮ್ಮ ಕೈಗೆ ಗವಸು ಏರಿಸಿಕೊಂಡು, "ಯಾವುದು ಅಜ್ಜಿ ತೊಂದರೆ ಕೊಡ್ತಿರೋದು?" ಎಂದು ಕೇಳಿದಾಗ ನಮ್ಮತ್ತೆ, "ಕರಿಯ ಹೋದ. ಕೆಂದ ಅಳ್ಳಾಡ್ತಾವ್ನೆ" ಎಂದು ಉತ್ತರ ಕೊಟ್ಟದ್ದು ಮಾತ್ರ ಸತ್ಯ. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

ಅತ್ತೆ ಎಂದರೆ ನನ್ನಪ್ಪನ ಅಕ್ಕ. ಇರುವುದು ದೇವಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ. ಬಲದವಡೆಯ ಹಲ್ಲುಗಳು ಎಂದೋ ಉದುರಿಹೋಗಿದ್ದವು. ಎಡದವಡೆಯವೂ ಎರಡು ಬಿದ್ದಾಗ, ಮೂರು ವರ್ಷದ ಹಿಂದೆ, ಮೂಳೆಗೇ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುತ್ತಾರಂತೆ ಎಂದು ಯಾರಿಂದಲೋ ಕೇಳಿಕೊಂಡು ಬಂದು ಹಟ ಹಿಡಿದಳು. ಎರಡು ಟಗರು ಮಾರಿ ಎರಡು ಹಲ್ಲು ಹಾಕಿಸಿಕೊಂಡಳು. ಒಂದು ಕೆಂಪು ಟಗರು, ಒಂದು ಕಪ್ಪು. "ಸಾಕಿದ ಟಗರು ಮಾರಿಬಿಟ್ಯಾ ಅತ್ತೆ?" ಎಂದರೆ, "ಮಾರಿಲ್ಲ ಕಣೋ, ಕುರಿ ರೊಪ್ಪದಾಗೆ ಕಟ್ಟಿದ್ದನ್ನ ಬಾಯಾಗೆ ಕಟ್ಟೀನಿ" ಎನ್ನುತ್ತಿದ್ದಳು. ಅಂದಿನಿಂದ ಆ ಹಲ್ಲುಗಳ ಹೆಸರೇ ಕೆಂದ ಮತ್ತು ಕರಿಯ.

ಅಷ್ಟು ಹಟ ಯಾಕೆ ಎನ್ನುತ್ತೀರಾ? ಮಾಂಸ ತಿನ್ನಲಿಕ್ಕಲ್ಲ. ಹುಣಸೆ ಬೀಜ ಕಚ್ಚಲಿಕ್ಕೆ!

ನಮ್ಮ ಕಡೆ ಕಂಬಳಿ ನೇಯುವ ಮುಂಚೆ ಉಣ್ಣೆಯ ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ದಾರ, ಅದಕ್ಕೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಬೀಜವನ್ನು ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ಕುದಿಸಿದರೆ ಗಂಜಿ. ಹುರಿದದ್ದು ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಹೆಚ್ಚಾದರೆ ಗಂಜಿಗೆ ಅಂಟು ಇರುವುದಿಲ್ಲ, ಮಗ್ಗದಲ್ಲಿ ದಾರ ಪಟಪಟ ಹರಿಯುತ್ತದೆ. ಆ ಹದ ಹೇಳುವವಳು ಊರಿಗೆಲ್ಲ ನಮ್ಮತ್ತೆ ಒಬ್ಬಳೇ. ಬಾಣಲೆಯಿಂದ ಒಂದು ಬೀಜ ತೆಗೆದು, ದವಡೆಗೆ ಇಟ್ಟು, ಕಣ್ಣು ಮುಚ್ಚಿ 'ಕಟ್' ಎನ್ನಿಸುವಳು. "ಇನ್ನೊಂದೀಟು" ಎಂದರೆ ಇನ್ನಷ್ಟು ಹುರಿಯಬೇಕು. "ಇಳ್ಸು" ಎಂದರೆ ಆಯಿತು. "ಥೂ ನಿನ್ನ" ಎಂದರೆ ಹೊಸ ಬೀಜ ತರಬೇಕು! ನೀವು ಎಂದಾದರೂ ಹುರಿದ ಹುಣಸೆ ಬೀಜ ಕಚ್ಚಿದ್ದೀರಾ? ಒಮ್ಮೆ ಕಚ್ಚಿ ನೋಡಿ. ಬೇಡ ಬೇಡ, ನಾಳೆ ನನ್ನ ಮೇಲೆ ಜಗಳಕ್ಕೆ ಬರುತ್ತೀರಿ.

ಚಳ್ಳಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಒಂದು ಬೆಳಗ್ಗೆ ಅತ್ತೆಯ ಫೋನು ಬಂತು.

"ಲೇ, ಕರಿಯ ಹೋದ ಕಣೋ!"

ಅವಳ ಓಣಿಯಲ್ಲಿ ಕರಿಯಪ್ಪಂದಿರೇ ಮೂವರಿದ್ದಾರೆ. ನಾನು ಅಂಗಡಿಯ ಬಾಗಿಲು ಎಳೆಯುತ್ತಲೇ ಕೇಳಿದೆ, "ಅಯ್ಯೋ! ಯಾವಾಗ? ಮಣ್ಣು ಎಷ್ಟೊತ್ತಿಗೆ?"

"ಮಣ್ಣು ಯಾತಕ್ಕಲೇ? ಹಲ್ಲು ಮುರೀತು. ಡಾಕ್ಟ್ರ ತಾವ ಕರ್ಕಂಡೋಗು!"

ಹಾಗೆ ಬಂದು ಕೂತದ್ದು ಡಾಕ್ಟರಮ್ಮನ ಮುಂದೆ. ಎಕ್ಸ್‌ರೇ ನೋಡಿ ಅವರೇ ಬೆಚ್ಚಿದರು. ಮೇಲಿನ ಹಲ್ಲಷ್ಟೇ ಹೋಗಿದ್ದಲ್ಲ, ಮೂಳೆಯೊಳಗಿನ ಸ್ಕ್ರೂಗಳು ಎರಡೂ ಸೀಳಿಹೋಗಿದ್ದವು. "ಒಸಡು ಕೊಯ್ದು, ಸುತ್ತಲಿನ ಮೂಳೆ ಕೊರೆದು ತೆಗೀಬೇಕು. ಗುಂಡಿ ತುಂಬಿ ವಾಸಿಯಾಗೋಕೆ ನಾಲ್ಕು ತಿಂಗಳು ಬಿಟ್ಟು, ಆಮೇಲೆ ಹೊಸದು" ಎಂದರು. ನಾನು ಅಲ್ಲೇ ಕುರ್ಚಿ ಹುಡುಕಿ ಕೂತೆ. ಅತ್ತೆ ಮಾತ್ರ, "ಕೊಯ್ಯವ್ವಾ, ಕೊಯ್ಯಿ. ಆಮ್ಯಾಕೆ ಇದನ್ನ ಕಚ್ಚಬೋದಾ?" ಎಂದು ಸಂಚಿಯಿಂದ ಒಂದು ಹಿಡಿ ಹುಣಸೆ ಬೀಜ ತೆಗೆದು ಮೇಜಿನ ಮೇಲೆ ಸುರಿದಳು. ಒಂದನ್ನು ಡಾಕ್ಟರಮ್ಮನಿಗೂ ಕೊಡಹೋದಳು!

"ಇದನ್ನ... ಇದನ್ನ ಈ ಹಲ್ಲಲ್ಲಿ ಕಚ್ತಿದ್ರಾ?" ಡಾಕ್ಟರಮ್ಮ ಬೀಜವನ್ನು ಮೇಜಿಗೆ ಕುಟ್ಟಿ ನೋಡಿದರು. ಪಾಪ, ಎಂಟು ವರ್ಷ ಓದಿ ಬಂದ ಹೆಣ್ಣುಮಗಳು, ಇದನ್ನು ಯಾವ ಪುಸ್ತಕದಲ್ಲಿ ಓದಿರಬೇಕು? ಆಮೇಲೆ ಸಮಾಧಾನ ತಂದುಕೊಂಡು ವಿವರಿಸಿದರು. "ಅಜ್ಜಿ, ದೇವರು ಕೊಟ್ಟ ಹಲ್ಲಿನ ಬೇರಿನ ಸುತ್ತ ತೆಳ್ಳಗೆ ಒಂದು ಪೊರೆ ಇರ್ತದೆ. ಕಚ್ಚಿದ್ದು ಗಟ್ಟಿಯೋ ಮೆತ್ತಗೋ ಅದು ಹೇಳುತ್ತೆ. ಈ ಸ್ಕ್ರೂ ಹಲ್ಲಿಗೆ ಆ ಪೊರೆ ಇಲ್ಲ. ಎಷ್ಟು ಜೋರಾಗಿ ಕಚ್ಚಿದ್ರೂ ನಿಮಗೆ ಗೊತ್ತಾಗಲ್ಲ."

ಅತ್ತೆ ಮೇಜಿನ ಮೇಲಿನ ಬೀಜಗಳನ್ನು ಒಂದೊಂದಾಗಿ ಆರಿಸಿ ಸಂಚಿಗೆ ಹಾಕಿಕೊಂಡಳು. ನಮ್ಮತ್ತೆ ಹಾಗೆ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊಯ್ಯುವುದಕ್ಕೆ ಹೆದರಿದ್ದಾಳೆ ಎಂದುಕೊಂಡೆ.

ಕೊಯ್ದ ದಿನ ನಾನು ಹೊರಗೆ ಬೆಂಚಿನ ಮೇಲೆ ಕೂತು ಬೆವರುತ್ತಿದ್ದೆ. ಒಳಗೆ ಕೊರೆಯುವ ಮಿಷನ್ನಿನ ಗುಂಯ್ ಸದ್ದು. ನಡುವೆ ಅತ್ತೆಯ ತೆಲುಗು! ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಅವಳ ಪ್ರೀತಿ ಕನ್ನಡದಲ್ಲಿ, ಸಿಟ್ಟು ತೆಲುಗಿನಲ್ಲಿ. "ಮೆಲ್ಲಗಾ! ಮೆಲ್ಲಗಾ!" ಎಂಬ ಕೂಗು ಬಾಗಿಲು ದಾಟಿ ಬಂದದ್ದೇ ತಡ, ಸರದಿಯಲ್ಲಿದ್ದ ಇಬ್ಬರು ಎದ್ದು ಮನೆಗೆ ಹೋದರು. ಒಂದೂವರೆ ಗಂಟೆಯ ಮೇಲೆ ಅತ್ತೆ ಊದಿದ ಕೆನ್ನೆ ಹಿಡಿದು ಹೊರಬಂದಳು. ಇನ್ನೊಂದು ಕೈಯಲ್ಲಿ ಔಷಧಿಯ ಪುಟ್ಟ ಸೀಸೆ. ಒಳಗೆ ಮುರಿದ ಸ್ಕ್ರೂ ಚೂರುಗಳು!

"ಇದ್ಯಾಕತ್ತೆ?"

"ನನ್ ಟಗರು, ನಾನ್ ಒಯ್ತೀನಿ" ಎಂದು ಅರ್ಧ ಬಾಯಲ್ಲಿ ಹೇಳಿದಳು.

ಮಾತಾಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಮಾತಾಡಲಿಲ್ಲ, ತೋರಿಸಿದಳು! ಮೊಳಕಾಲ್ಮೂರಿನ ಬಸ್ಸಿನಲ್ಲಿ ಆ ಸೀಸೆ ಸೀಟಿನಿಂದ ಸೀಟಿಗೆ ಸುತ್ತು ಹೊಡೆಯಿತು. ರಾಂಪುರಕ್ಕೆ ಹೊರಟಿದ್ದ ಒಬ್ಬ ಹೆಂಗಸು ಅದನ್ನು ಕಣ್ಣಿಗೊತ್ತಿಕೊಂಡಳು, ಯಾವ ದೇವರದ್ದು ಎಂದು ತಿಳಿದಳೋ! ಕಂಡಕ್ಟರ್ ಬಂದು, "ಏನಜ್ಜಿ ಇದು?" ಎಂದ. ಅತ್ತೆ ತನ್ನ ದವಡೆ ತೋರಿಸಿ, ಸೀಸೆ ತೋರಿಸಿ, ಕೊರೆಯುವುದನ್ನು ಬೆರಳಲ್ಲಿ ಮಾಡಿ ತೋರಿಸಿದಳು. ಆತ ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ಟನ್ನೂ ಕೊಡದೆ ಮುಂದಿನ ಬಾಗಿಲಿಗೆ ಹೋಗಿ ನಿಂತುಬಿಟ್ಟ.

ನಾಲ್ಕು ತಿಂಗಳು ರಾಗಿ ಅಂಬಲಿ, ಮೆತ್ತನೆ ಮುದ್ದೆ. ಒಂದು ದಿನ ಫೋನು ಮಾಡಿದಳು. ಬೈಗುಳವಿಲ್ಲ, ಲೇ ಇಲ್ಲ. "ಪಕ್ಕದ ಮನೆ ನೇಕಾರ ಅಂಗಡಿಯಿಂದ ಪಾಕೀಟ್ ಗಂಜಿ ಪುಡಿ ತಂದವ್ನೆ ಕಣೋ. ಬೀಜ ಹುರಿಯಾದು ಬ್ಯಾಡಂತೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಆವತ್ತು ನನಗೆ ಅರ್ಥವಾಯಿತು. ಹಲ್ಲು ಹೋದದ್ದಕ್ಕೆ ಅವಳಿಗೆ ದುಃಖವಿರಲಿಲ್ಲ. ಬಾಣಲೆಯ ಮುಂದೆ ಯಾರೂ ಕರೆಯದಿದ್ದರೆ ತಾನು ಊರಿಗೆ ಬರೀ ಒಂದು ಮುದುಕಿ, ಅದೇ ಅವಳ ಭಯ.

ಹೊಸ ಸ್ಕ್ರೂ ಬಂದವು. ಅವು ಮೂಳೆಗೆ ಕಚ್ಚಿಕೊಂಡ ಮೇಲೆ ಹೊಸ ಹಲ್ಲೂ ಬಂದವು. ಡಾಕ್ಟರಮ್ಮ, "ಇನ್ಮೇಲೆ ಒಂದೇ ಒಂದು ಬೀಜ ಕಚ್ಚಿದ್ರೂ ನನ್ನ ಹತ್ರ ಬರಬೇಡಿ" ಎಂದರು. "ಆತವ್ವ" ಎಂದು ಅತ್ತೆ ತಟ್ಟನೆ ಒಪ್ಪಿಬಿಟ್ಟಳು. ನಮ್ಮತ್ತೆ ಒಪ್ಪುವುದುಂಟೇ? ನನಗೆ ಅಲ್ಲೇ ಅನುಮಾನ ಹತ್ತಿತು.

ಹದಿನೈದು ದಿನ ಬಿಟ್ಟು ಊರಿಗೆ ಹೋದೆ. ಪಾಕೀಟು ಗಂಜಿ ಹಿಡಿಯದೆ ಹಾಸೆಲ್ಲ ಹರಿದು, ಪಕ್ಕದ ಮನೆ ನೇಕಾರ ಮತ್ತೆ ಬೀಜ ಹುರಿಯುತ್ತಿದ್ದ. ಒಲೆಯ ಪಕ್ಕ ಅತ್ತೆ. ಬೆರಳಲ್ಲಿ ಬೀಜ! ಓಡಿಹೋಗಿ ಕೈ ಹಿಡಿದೆ. "ಅತ್ತೇ! ಮತ್ತೆ ದವಡೆ ಕೊರೆಸ್ಕೋತೀಯಾ?"

"ಕಚ್ಚಲ್ಲ ಬಿಡೋ" ಎಂದಳು. ನೇಕಾರನಿಗೆ ಕೇಳದ ಹಾಗೆ ದನಿ ತಗ್ಗಿಸಿದಳು. "ಕಚ್ಚಿದ್ರೂ ಏನೂ ತಿಳಿಯಲ್ಲ. ಈ ಹಲ್ಲು ಕಟ್ಟಿಸ್ಕಂಡ ಆವತ್ತಿಂದ್ಲೂ ತಿಳಿದಿಲ್ಲ."

"ಅಂದ್ರೆ?"

"ಆ ಡಾಕ್ಟ್ರವ್ವ ಪೊರೆ ಅಂತಂದ್ಲಲ್ಲ, ಅದು. ಮೂರು ವರ್ಸ ಬರೀ ಸದ್ದು ಕೇಳಿ ಹೇಳೀನಿ. ಒಂದ್ರಾಗೆ ತಿಳೀದಿದ್ರೆ ಎಲ್ಡು ಕಚ್ಚೀನಿ. ಎಲ್ಡ್ರಾಗೂ ತಿಳೀದಿದ್ರೆ ಇನ್ನೂ ಜೋರಾಗಿ ಕಚ್ಚೀನಿ. ಅದ್ಕೇ ಮುರುದ್ವು."

ಕೊರೆಯುವ ಮಿಷನ್ನಿನ ಸದ್ದಿಗೂ ನಾನು ಇಷ್ಟು ಬೆಚ್ಚಿರಲಿಲ್ಲ. ಮೂರು ವರ್ಷ ಊರಿಗೆಲ್ಲ ಹದ ಹೇಳಿದ ನಮ್ಮತ್ತೆ, ಒಳಗೊಳಗೇ ಅಷ್ಟು ಹೆದರಿಕೊಂಡು ಕಚ್ಚುತ್ತಿದ್ದಳೇ! ಇಷ್ಟು ಹೊತ್ತೂ ನಿಮ್ಮನ್ನು ನಗಿಸುತ್ತಾ ಬಂದ ನನಗೆ ಈಗ ನಾಚಿಕೆಯಾಗುತ್ತಿದೆ.

"ಬಾಯಿ ತಗಿ" ಎಂದಳು. ತೆಗೆದೆ. ಬಿಸಿ ಬೀಜವನ್ನು ಊದಿ ನನ್ನ ದವಡೆಗಿಟ್ಟಳು. ನನ್ನ ತಲೆಯನ್ನು ಹತ್ತಿರಕ್ಕೆ ಎಳೆದು, ತನ್ನ ಕಿವಿಯನ್ನು ನನ್ನ ಕೆನ್ನೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿದಳು. "ಮೆಲ್ಲಗೆ ಕಚ್ಚು."

ಕಚ್ಚಿದೆ. 'ಕಟ್' ಎಂದಿತು. ನೇಕಾರ ಸೌಟು ಎತ್ತಿ ಹಿಡಿದು ಕಾಯುತ್ತಿದ್ದ.

"ನಿನ್ ಹಲ್ಲು ಏನಂತೈತೆ?" ಎಂದು ಅತ್ತೆ ನನ್ನನ್ನೇ ಕೇಳಿದಳು.

"ಒಳಗೆ ಇನ್ನೂ ಒಂಚೂರು ಹಸಿ ಐತೇನೋ ಅತ್ತೆ."

"ನನ್ ಕಿವೀನೂ ಹಂಗೇ ಅಂತು. ಕೂಗಿ ಹೇಳು ಅವುನ್ಗೆ."

"ಇನ್ನೊಂದೀಟು!" ಎಂದು ನಾನು ಕೂಗಿದೆ. ನೇಕಾರ ಸೌಟು ಆಡಿಸತೊಡಗಿದ. ಅತ್ತೆಯ ಕಿವಿ ಇನ್ನೂ ನನ್ನ ಕೆನ್ನೆಯ ಮೇಲೇ ಇತ್ತು.